ತಗಡು ಹಾರಿದ ಮೇಲೆ ಗೋಡೆ ಏಕೆ ಬೀಳುತ್ತದೆ?

ಗದಗ ಸೀಮೆಯ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ತಿರುಗಿಸುವ ಗಾಳಿಯೇ ಈ ಸೀಮೆಯ ಮನೆಗಳ ಮೇಲೂ ಬೀಸುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಅದರ ರಭಸ ಒಮ್ಮೆಲೇ ಏರುತ್ತದೆ. ಮೊದಲು ಚಾವಣಿಯ ತಗಡು ಹಾರುತ್ತದೆ, ಬೆನ್ನಿಗೇ ಸಿಮೆಂಟ್ ಬ್ಲಾಕಿನ ಗೋಡೆ ಉರುಳುತ್ತದೆ. ಜನ ಬ್ಲಾಕನ್ನು ದೂರುತ್ತಾರೆ. ಆದರೆ ಗಟ್ಟಿ ಬ್ಲಾಕಿನ ಗೋಡೆಯೂ ಬೀಳುವುದುಂಟು.

ಬ್ಲಾಕು ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ. ಪಕ್ಕದಿಂದ ತಳ್ಳಿದರೆ ಮಾತ್ರ ಬ್ಲಾಕುಗಳ ನಡುವಿನ ಸಿಮೆಂಟ್ ಸಂದು ಬಾಯಿ ಬಿಡುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 36 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 6 ಕಿಲೋ ಭಾರದಷ್ಟು ಒತ್ತಿದರೆ, 72 ಕಿ.ಮೀ. ಗಾಳಿ 24 ಕಿಲೋ, 108 ಕಿ.ಮೀ. ಗಾಳಿ 55 ಕಿಲೋದಷ್ಟು ಒತ್ತುತ್ತದೆ.

ಚಾವಣಿಯ ಮೇಲೆ ಹಾಯುವ ಗಾಳಿ ಅದನ್ನು ಮೇಲಕ್ಕೆ ಹೀರುತ್ತದೆ. ಗಾಳಿಗೆದುರಿನ ಬಾಗಿಲು ತೆರೆದಿದ್ದರೆ ಒಳಹೊಕ್ಕ ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ತಗಡಿನ ಸ್ವಂತ ತೂಕವೋ ಚದರ ಮೀಟರಿಗೆ ಸುಮಾರು 5 ಕಿಲೋ ಮಾತ್ರ. ಅದು ಕಿತ್ತುಹೋದರೆ ಗೋಡೆಯ ತಲೆಗೆ ಹಿಡಿತವಿಲ್ಲ. ಬುಡದ ಮೇಲಷ್ಟೇ ನಿಂತ ಗೋಡೆ ಮುಂದಿನ ಬೀಸಿಗೆ ಮಗುಚುತ್ತದೆ. ಹಿಂದಿನ ಮೇಲ್ಮುದ್ದೆ ಮನೆಗಳಲ್ಲಿ ಮಣ್ಣಿನ ಮಾಳಿಗೆಯ ಭಾರವೇ ದಪ್ಪ ಗೋಡೆಗಳನ್ನು ಅದುಮಿ ಹಿಡಿದಿತ್ತು. ನಾವು ಆ ಭಾರ ಇಳಿಸಿದೆವು, ಅದರ ಬದಲಿಗೆ ಬೇಕಾದ ಬಿಗಿತ ಕೊಡಲಿಲ್ಲ.

ಮನೆ ಒಡೆಯುವಾಗಲೂ ಇದೇ ಲೆಕ್ಕ. ಅಡ್ಡಗೋಡೆ ಪಕ್ಕದ ಗೋಡೆಗೆ ಊರುಗೋಲು. ಕೋಣೆ ದೊಡ್ಡದಾಗಲೆಂದು ಅದನ್ನು ಕೆಡವಿದರೆ, ರಸ್ತೆ ಅಗಲವಾಗಲೆಂದು ಮನೆಯ ಮುಂಭಾಗ ಕತ್ತರಿಸಿದರೆ, ಉಳಿದ ಗೋಡೆ ಒಂಟಿಯಾಗುತ್ತದೆ. ಬಿರುಕಿಲ್ಲದೆ ಕಂಡರೂ ಅದು ಅಪಾಯದಲ್ಲಿರುತ್ತದೆ.

ಪರಿಹಾರ ಗೌಂಡಿಗಳ ಕೈಯಲ್ಲೇ ಇದೆ. ಗೋಡೆಗಳ ತಲೆಯ ಮೇಲೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಬೇಕು. ಮೂಲೆಗಳಲ್ಲಿ ಟೊಳ್ಳು ಬ್ಲಾಕಿನೊಳಗೆ ಸರಳು ನಿಲ್ಲಿಸಿ ಕಾಂಕ್ರೀಟ್ ತುಂಬಬೇಕು. ಚಾವಣಿಯ ಪೈಪನ್ನು ಆ ಪಟ್ಟಿಗೂ, ತಗಡನ್ನು ಪೈಪಿಗೂ ಬೋಲ್ಟಿನಿಂದ ಬಿಗಿಯಬೇಕು. ಹೊಸ ಬ್ಲಾಕಿಗೆ 14 ದಿನವಾದರೂ ನೀರುಣಿಸಬೇಕು. ತಗಡಿನ ಮೇಲೆ ಕಲ್ಲು ಹೇರುವುದು ಪರಿಹಾರವಲ್ಲ. ತಗಡು ಎದ್ದಾಗ ಆ ಕಲ್ಲು ಮನೆಯವರ ತಲೆಯ ಮೇಲೇ ಬೀಳುತ್ತದೆ. ಮನೆ ಕಟ್ಟಿಸುವವರು ಬ್ಲಾಕಿನ ದರ ಕೇಳುವ ಮೊದಲು ಗೌಂಡಿಯನ್ನು ಒಂದು ಮಾತು ಕೇಳಲಿ: ಚಾವಣಿಯನ್ನು ಗೋಡೆಗೆ ಹೇಗೆ ಕಟ್ಟುತ್ತೀರಿ?