ವಿಪ್ರತಿಷೇಧ: ವಿಧಿಗೆ ವಿಧಿ ಎದುರಾದಾಗ

ಕೊಲ್ಲಾಪುರದ ನೆರೆಯ ಶಿರೋಳಿಯಲ್ಲಿ ಒಂದು ಕನ್ನಡ ಕುಟುಂಬವಿದೆಯೆಂದು ಭಾವಿಸೋಣ. ಅಲ್ಲಿ ಬೀದಿಯ ಮಾತು ಮರಾಠಿ, ಮನೆಯ ಮಾತು ಕನ್ನಡ. ಇವೆರಡೂ ಭಿನ್ನವೇ ಹೊರತು ವಿರುದ್ಧವಲ್ಲ. ‘ಈ ಮಗು ಕನ್ನಡ ಬಲ್ಲದು’, ‘ಈ ಮಗು ಕನ್ನಡ ಅರಿಯದು’ ಎಂದು ಒಂದೇ ಮಗುವಿನ ವಿಷಯದಲ್ಲಿ, ಒಂದೇ ಕಾಲಕ್ಕೆ, ಒಂದೇ ಅರ್ಥದಲ್ಲಿ ನುಡಿದರೆ ಅದು ವ್ಯಾಘಾತ. ಭಿನ್ನತೆಯನ್ನೇ ವಿರೋಧವೆಂದು ಬಗೆಯುವುದು ತರ್ಕದಲ್ಲಿ ಮೊದಲ ಪ್ರಮಾದ.

ವ್ಯಾಘಾತಕ್ಕಿಂತ ಜಟಿಲವಾದುದು ವಿಪ್ರತಿಷೇಧ. ‘ಪ್ರತಿಷೇಧ’ವೆಂದರೆ ತಡೆ, ‘ವಿ’ ಉಪಸರ್ಗ ಸೇರಿದಾಗ ಪರಸ್ಪರ ತಡೆ. ಸಮಬಲದ ಎರಡು ವಿಧಿಗಳು ಒಂದೇ ಎಡೆಯಲ್ಲಿ ಪ್ರವೃತ್ತವಾದರೆ ಪರವಾದುದು ನಡೆಯಬೇಕೆಂದು ಪಾಣಿನಿ ಅಷ್ಟಾಧ್ಯಾಯಿಯಲ್ಲಿ (1.4.2) ವಿಧಿಸಿದನು. ಸೂತ್ರಕ್ರಮದಲ್ಲಿ ಮುಂದೆ ಬರುವುದೇ ‘ಪರ’ವೆಂಬುದು ಸಾಂಪ್ರದಾಯಿಕ ವ್ಯಾಖ್ಯಾನ.

ಯುರೋಪಿನಲ್ಲಿ ಇದಕ್ಕೆ ಸಮೀಪದ ಪದ ‘ಆಂಟಿನಮಿ’. ಗ್ರೀಕಿನಲ್ಲಿ ‘ಆಂಟಿ’ ಎಂದರೆ ಎದುರು, ‘ನೊಮೊಸ್’ ಎಂದರೆ ಕಾನೂನು. 6ನೆಯ ಶತಮಾನದಲ್ಲಿ ರೋಮನ್ ಕಾನೂನನ್ನು ಸಂಗ್ರಹಿಸಿದ ಜಸ್ಟಿನಿಯನ್ ಚಕ್ರವರ್ತಿ, ಗ್ರಂಥದಲ್ಲಿ ಇಂಥ ದೋಷವಿರಬಾರದೆಂದು ಆಜ್ಞಾಪಿಸಿದನು. ನ್ಯಾಯಾಲಯದ ಈ ಪದವನ್ನು 1781ರಲ್ಲಿ ಕಾಂಟ್ ತತ್ತ್ವಶಾಸ್ತ್ರಕ್ಕೆ ತಂದನು. ಜಗತ್ತಿಗೆ ಆದಿಯುಂಟು, ಆದಿಯಿಲ್ಲ ಎಂಬೆರಡನ್ನೂ ಬುದ್ಧಿಯು ಸಮಾನವಾಗಿ ಸಾಧಿಸಬಲ್ಲುದೆಂದು ತೋರಿಸಿ, ಬುದ್ಧಿಯು ತನ್ನ ಎಲ್ಲೆ ಮೀರಿದುದೇ ಇದಕ್ಕೆ ಕಾರಣವೆಂದನು.

ಕನ್ನಡ ನಾಡಿನಲ್ಲಿಯೂ ಈ ಪ್ರಶ್ನೆ ಹಳೆಯದು. ಎರಡು ಸ್ಮೃತಿಗಳು ವಿರೋಧಿಸಿದಾಗ ನ್ಯಾಯವೇ ಬಲವತ್ತರವೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಆ ಸ್ಮೃತಿಗೆ ಚಾಲುಕ್ಯರ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು.

ಆಧುನಿಕ ನಿದರ್ಶನ ದಕ್ಷಿಣ ಕನ್ನಡದ ಮೂಲ್ಕಿಯದು. ಅಲ್ಲಿನ ವೆಂಕಟರಮಣ ದೇವಾಲಯದ ಪ್ರಕರಣದಲ್ಲಿ ಸಂವಿಧಾನದ ಎರಡು ವಿಧಿಗಳು ಎದುರಾದವು. 25ನೆಯ ವಿಧಿಯು ಸಾರ್ವಜನಿಕ ಹಿಂದೂ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೂ ತೆರೆಯುವ ಕಾನೂನಿಗೆ ಅವಕಾಶ ನೀಡುತ್ತದೆ. 26ನೆಯದು ಧಾರ್ಮಿಕ ಪಂಗಡಕ್ಕೆ ತನ್ನ ಧರ್ಮಕಾರ್ಯ ನಡೆಸುವ ಹಕ್ಕು ಕೊಡುತ್ತದೆ. 1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡನ್ನೂ ಉಳಿಸಿತು. ಪ್ರವೇಶದ ಹಕ್ಕು ಎಲ್ಲರದು. ಕೆಲವು ವಿಶೇಷ ಸೇವೆಗಳ ವೇಳೆಯಲ್ಲಿ ಮಾತ್ರ ಪಂಗಡದ ಹಕ್ಕಿಗೆ ಎಡೆ. ಒಂದು ವಿಧಿಯಿಂದ ಇನ್ನೊಂದು ನಿರರ್ಥಕವಾಗಬಾರದೆಂಬ ಈ ರೀತಿಗೆ ಸಮನ್ವಯ ವ್ಯಾಖ್ಯಾನವೆಂದು ಹೆಸರು.

ಗಡಿನಾಡಿನ ಪಾಲಕರಿಗೆ ಈ ಪಾಠ ದೂರದ್ದಲ್ಲ. 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಕಲ್ಪಿಸಲು ರಾಜ್ಯಗಳು ಶ್ರಮಿಸಬೇಕೆನ್ನುತ್ತದೆ. ಮಹಾರಾಷ್ಟ್ರದ 2020ರ ಕಾಯ್ದೆ ಶಾಲೆಗಳಲ್ಲಿ ಮರಾಠಿ ಕಲಿಕೆಯನ್ನು ಕಡ್ಡಾಯಗೊಳಿಸಿದೆ. ಒಂದು ಹೇಳುವುದು ಬೋಧನೆಯ ಮಾಧ್ಯಮವನ್ನು, ಇನ್ನೊಂದು ಕಲಿಯಬೇಕಾದ ವಿಷಯವನ್ನು. ಮರಾಠಿಯನ್ನು ಚೆನ್ನಾಗಿ ಕಲಿಯುವ ಮಗು ಕನ್ನಡ ಶಾಲೆಯನ್ನು ತೊರೆಯಬೇಕಾಗಿಲ್ಲ. ‘ಇದೋ, ಅದೋ’ ಎಂದು ಕೇಳುವವರಿಗೆ ‘ಇವು ನಿಜವಾಗಿ ವಿರುದ್ಧವೇ?’ ಎಂಬ ಮರುಪ್ರಶ್ನೆಯೇ ತಕ್ಕ ಉತ್ತರ.