ಪೋಕರಿನ ಶ್ರೇಣಿ: ಎಣಿಕೆ ಮತ್ತು ರೂಢಿ

ತೀನ್ ಪತ್ತಿ ಬಲ್ಲವರು ಪೋಕರಿನ ಶ್ರೇಣಿಪಟ್ಟಿಯನ್ನು ಮೊದಲ ಸಲ ನೋಡಿದಾಗ ಒಂದೆಡೆ ತಡೆದು ನಿಲ್ಲುತ್ತಾರೆ. ಮೂರೆಲೆಯ ಆಟದಲ್ಲಿ ಅನುಕ್ರಮವಾಗಿ ಬಂದ ಎಲೆಗಳು ಒಂದೇ ಚಿಹ್ನೆಯ ಎಲೆಗಳನ್ನು ಸೋಲಿಸುತ್ತವೆ. ಐದೆಲೆಯ ಪೋಕರಿನಲ್ಲಿ ಒಂದೇ ಚಿಹ್ನೆಯ ಎಲೆಗಳೇ ಅನುಕ್ರಮವನ್ನು ಸೋಲಿಸುತ್ತವೆ. ಕಟ್ಟು ಅದೇ, ಎಲೆಗಳೂ ಅವೇ. ತೀರ್ಪು ಮಾತ್ರ ತಲೆಕೆಳಗು. ಈ ವ್ಯತ್ಯಾಸಕ್ಕೆ ಕಾರಣವನ್ನು ಸರಳ ಗಣಿತದಲ್ಲಿ ಕಾಣಬಹುದು.

ಕಟ್ಟಿನಲ್ಲಿ 52 ಎಲೆಗಳಿವೆ. ಮರಾಠಿಯಲ್ಲಿ ಇಸ್ಪಿಕ, ಬದಾಮ, ಚೌಕಟ, ಕಿಲವರ ಎಂದು ಕರೆಯಲಾಗುವ ನಾಲ್ಕು ಚಿಹ್ನೆಗಳು. ಪ್ರತಿ ಚಿಹ್ನೆಗೆ 13 ಎಲೆಗಳು. ಎಕ್ಕಾ, ರಾಜ, ರಾಣಿ, ಗುಲಾಮ, ಅನಂತರ ಹತ್ತರಿಂದ ಎರಡರವರೆಗೆ ಅವುಗಳ ಇಳಿಕ್ರಮ. ಈ 52ರಿಂದ ಐದು ಎಲೆಗಳನ್ನು 25,98,960 ಬಗೆಗಳಲ್ಲಿ ಆರಿಸಬಹುದು. ಯಾವ ಕೈ ಕಡಿಮೆ ಬಗೆಗಳಲ್ಲಿ ದೊರೆಯುವುದೋ ಅದರ ಸ್ಥಾನ ಮೇಲು. ಪೋಕರಿನ ಶ್ರೇಣಿಯೆಲ್ಲ ಈ ಒಂದು ಸೂತ್ರವನ್ನು ಅನುಸರಿಸುತ್ತದೆ.

ತಳದಲ್ಲಿರುವುದು ಯಾವ ಹೊಂದಾಣಿಕೆಯೂ ಇಲ್ಲದ ಕೈ: 13,02,540 ಬಗೆಗಳು. ಇಲ್ಲಿ ದೊಡ್ಡ ಎಲೆಯುಳ್ಳವರು ಗೆಲ್ಲುತ್ತಾರೆ. ಅದರ ಮೇಲೆ ಒಂದು ಜೋಡಿ (10,98,240), ಎರಡು ಜೋಡಿ (1,23,552), ಸಮಬೆಲೆಯ ಮೂರು ಎಲೆಗಳು (54,912). ಐದು ಎಲೆಗಳು ಅನುಕ್ರಮದಲ್ಲಿದ್ದರೆ ಸ್ಟ್ರೈಟ್ (10,200). ಐದೂ ಒಂದೇ ಚಿಹ್ನೆಯವಾದರೆ ಫ್ಲಶ್ (5,108). ಸಮಬೆಲೆಯ ಮೂರರ ಜತೆಗೆ ಒಂದು ಜೋಡಿ ಸೇರಿದರೆ ಫುಲ್ ಹೌಸ್ (3,744). ಅದಕ್ಕೂ ಮೇಲೆ ಸಮಬೆಲೆಯ ನಾಲ್ಕು ಎಲೆಗಳು (624). ಒಂದೇ ಚಿಹ್ನೆಯ ಅನುಕ್ರಮವಾದ ಸ್ಟ್ರೈಟ್ ಫ್ಲಶ್ ಎಲ್ಲಕ್ಕಿಂತ ಮೇಲಿನದು. ಅದರ 40 ಬಗೆಗಳಲ್ಲಿ ಎಕ್ಕಾದಿಂದ ಹತ್ತರವರೆಗಿನ ನಾಲ್ಕಕ್ಕೆ ರಾಯಲ್ ಫ್ಲಶ್ ಎಂಬ ಹೆಸರಿದೆ.

ಎಕ್ಕಾ ಅನುಕ್ರಮದ ತುದಿಯಲ್ಲೂ ಬರಬಹುದು, ಎರಡರ ಕೆಳಗೂ ಬರಬಹುದು. ರಾಜನಿಗೂ ಎರಡಕ್ಕೂ ನಡುವಿನ ಕೊಂಡಿಯಾಗಲಾರದು. ಚಿಹ್ನೆಗಳ ನಡುವೆ ಮೇಲು ಕೀಳಿಲ್ಲ. ಇಬ್ಬರಿಗೂ ಒಂದೇ ಬೆಲೆಯ ಜೋಡಿ ಬಂದರೆ ಉಳಿದ ಎಲೆಗಳಲ್ಲಿ ದೊಡ್ಡದು ತೀರ್ಪು ನೀಡುತ್ತದೆ.

ಈಗ ಮೊದಲಿನ ತೊಡಕಿಗೆ ಮರಳಬಹುದು. ಮೂರು ಎಲೆಗಳ ಕೈಗಳು ಒಟ್ಟು 22,100. ಅವುಗಳಲ್ಲಿ ಅನುಕ್ರಮ 720, ಒಂದೇ ಚಿಹ್ನೆಯವು 1,096. ಆದ್ದರಿಂದ ಅಲ್ಲಿ ಅನುಕ್ರಮವೇ ವಿರಳ. ಎಲೆಗಳು ಐದಾದಾಗ ಅನುಕ್ರಮದ ಬಗೆಗಳು ಹದಿನಾಲ್ಕು ಪಟ್ಟು ಬೆಳೆಯುತ್ತವೆ. ಏಕೆಂದರೆ ಸೇರುವ ಪ್ರತಿ ಎಲೆಯೂ ನಾಲ್ಕು ಚಿಹ್ನೆಗಳಲ್ಲಿ ಯಾವುದಾದರೂ ಆಗಬಹುದು. ಒಂದೇ ಚಿಹ್ನೆಯ ಕೈಗೆ ಆ ಸ್ವಾತಂತ್ರ್ಯವಿಲ್ಲ. ಅದರ ಬಗೆಗಳು ಐದು ಪಟ್ಟೂ ಬೆಳೆಯವು. ಹೀಗೆ ಸ್ಥಾನ ಅದಲುಬದಲಾಗುತ್ತದೆ.

ಆದರೆ ತೀನ್ ಪತ್ತಿಯಲ್ಲಿ ಈ ಸೂತ್ರಕ್ಕೆ ಒಂದು ಅಪವಾದವಿದೆ. ಸಮಬೆಲೆಯ ಮೂರು ಎಲೆಗಳು 52 ಬಗೆಗಳಲ್ಲಿ, ಒಂದೇ ಚಿಹ್ನೆಯ ಅನುಕ್ರಮ 48 ಬಗೆಗಳಲ್ಲಿ ಸಿಗುತ್ತವೆ. ಲೆಕ್ಕದಂತೆ ಎರಡನೆಯದು ಮೇಲಾಗಬೇಕಿತ್ತು, ಮೊದಲನೆಯದೇ ಮೇಲೆನ್ನಿಸಿಕೊಂಡಿದೆ. ಅನ್ವರ್ಥನಾಮದ ಜತೆಗೆ ರೂಢನಾಮವನ್ನೂ ಓದಿದ ವಿದ್ಯಾರ್ಥಿಗೆ ಇದು ಅಚ್ಚರಿಯೆನಿಸದು.

ಶ್ರೇಣಿಯನ್ನು ಬಾಯಿಪಾಠ ಮಾಡಿದವರು ಆಟವನ್ನೇ ಕಲಿತೆವೆಂದು ಭ್ರಮಿಸುವುದುಂಟು. ಮೇಲಿನ ಅಂಕಿಗಳು ಬೇರೆ ಪಾಠವನ್ನು ಹೇಳುತ್ತವೆ. ಹಂಚಿದ ಐದೆಲೆಯ ನೂರು ಕೈಗಳಲ್ಲಿ ಸರಾಸರಿ ತೊಂಬತ್ತೆರಡು ಬರಿಗೈ ಅಥವಾ ಒಂದೇ ಜೋಡಿ. ಫೋನಿನ ಪರದೆಯ ಮೇಲೆ ಹೊಳೆಯುವ ರಾಯಲ್ ಫ್ಲಶ್ ಸುಮಾರು ಆರೂವರೆ ಲಕ್ಷ ಕೈಗಳಿಗೆ ಒಮ್ಮೆ ಬರುವಂಥದು. ಅದನ್ನು ನೆಚ್ಚಿ ಹಣವಿಡುವ ಮೊದಲು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡುವುದು ಒಳಿತು.