ತೋಳನ ಕಾಡಿನಲ್ಲೊಂದು ಹಳೆಯ ವಂಶ

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಕಡೆಯ ಜನ ಕಾಡು ನೋಡಬೇಕೆಂದರೆ ಬಂಡೀಪುರಕ್ಕೋ ನಾಗರಹೊಳೆಗೋ ಹೊರಡುತ್ತಾರೆ. ತಮ್ಮದೇ ತಾಲ್ಲೂಕಿನ ಮೇಲುಕೋಟೆ ಬೆಟ್ಟಗಳು 1974ರಿಂದ ಅಭಯಾರಣ್ಯ, ಅದೂ ತೋಳಗಳಿಗಾಗಿ ಘೋಷಿಸಿದ್ದು. ವರ್ಷ ತಪ್ಪದೆ ಅಲ್ಲಿನ ವೈರಮುಡಿ ಉತ್ಸವಕ್ಕೆ ಹೋಗುವವರಲ್ಲೂ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. ಮುಡಿಬೆಟ್ಟ, ನಾರಾಯಣದುರ್ಗ ಎಂಬ ಎರಡು ಭಾಗ ಸೇರಿ ಸುಮಾರು 50 ಚದರ ಕಿಲೋಮೀಟರ್.

ವೈರಮುಡಿ ನಡೆಯುವುದು ಬಿಸಿಲುಗಾಲದಲ್ಲಿ. ಆಗ ಬೆಟ್ಟ ನೋಡಿದವರು ಕಾಡು ಸತ್ತಿದೆ ಎಂದುಕೊಳ್ಳುತ್ತಾರೆ. ಸತ್ತಿಲ್ಲ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಬೇರಿಗೆ ನೀರು ಸಿಗದ ತಿಂಗಳುಗಳಲ್ಲಿ ಎಲೆಯನ್ನೇ ಉದುರಿಸಿ ಮರ ಜೀವ ಹಿಡಿದುಕೊಳ್ಳುತ್ತದೆ. ಮೇಲೆ ತೆಳ್ಳನೆಯ ಮಣ್ಣು, ಕೆಳಗೆ 250 ಕೋಟಿ ವರ್ಷಕ್ಕೂ ಹಳೆಯ ಕಲ್ಲು. ಇಂಥ ನೆಲದಲ್ಲಿ ಗಿಡ ಬೆಳೆಯುವುದೇ ನಿಧಾನ. ಮರದ ದಪ್ಪ ನೋಡಿ ಕಾಡಿನ ವಯಸ್ಸು ಹೇಳಲಾಗದು.

ವಯಸ್ಸು ಕಾಣಬೇಕೆಂದರೆ ಸೈಕಸ್ ಗಿಡವನ್ನು ಹುಡುಕಬೇಕು. ದೂರದಿಂದ ಕುಳ್ಳ ಈಚಲು ಮರದಂತೆ ಕಾಣುವ ಇದಕ್ಕೂ ಈಚಲಿಗೂ ನಂಟಿಲ್ಲ. ಹೂವೆಂಬುದೇ ಭೂಮಿಯ ಮೇಲೆ ಇಲ್ಲದ ಕಾಲದಲ್ಲಿ, ಡೈನೋಸಾರ್‌ಗಳಿಗೂ ಮೊದಲು ಹುಟ್ಟಿದ ವಂಶ ಇದರದು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ನೆತ್ತಿಯಲ್ಲಿ ಶಂಕುವಿನಾಕಾರದ ಕಾಯ ಏಳುತ್ತದೆ. ಹೆಣ್ಣಿನಲ್ಲಿ ಎಲೆಯಂಥ ಭಾಗಗಳ ಅಂಚಿನಲ್ಲೇ ಬೀಜ ಕಟ್ಟುತ್ತದೆ. ಇನ್ನೂ ಸೋಜಿಗದ ಸಂಗತಿಯೆಂದರೆ ಇದರ ವೀರ್ಯಾಣು ಪಾಚಿ, ಜರಿಗಿಡಗಳ ಹಾಗೆ ಈಜಿಕೊಂಡೇ ಅಂಡವನ್ನು ಸೇರುತ್ತದೆ. ಜಪಾನಿನ ಸಸ್ಯವಿಜ್ಞಾನಿ ಇಕೆನೊ 1896ರಲ್ಲಿ ಇದೇ ಕುಲದ ಇನ್ನೊಂದು ಸೈಕಸ್‌ನಲ್ಲಿ ಇದನ್ನು ಕಂಡುಹಿಡಿದರು. ಬಡ ಮಣ್ಣಿನಲ್ಲಿ ಇದು ಬದುಕುವ ಗುಟ್ಟು ಬೇರಿನಲ್ಲಿದೆ: ಹವಳದಂತೆ ಕವಲೊಡೆದ ಕೆಲವು ಬೇರುಗಳಲ್ಲಿ ನೀಲಿ-ಹಸಿರು ಸೂಕ್ಷ್ಮಾಣುಗಳು ನೆಲೆಸಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತವೆ. ವಂಶ ಹಳೆಯದಾದರೂ ಇಂದಿನ ಸೈಕಸ್ ಪ್ರಭೇದಗಳು ಕವಲೊಡೆದದ್ದು ಈಚಿನ ಒಂದೆರಡು ಕೋಟಿ ವರ್ಷಗಳಲ್ಲಿ ಎನ್ನುತ್ತದೆ ವಂಶವಾಹಿ ಅಧ್ಯಯನ. ಆದ್ದರಿಂದ ಇದನ್ನು ಜೀವಂತ ಪಳೆಯುಳಿಕೆ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅಲಂಕಾರಕ್ಕೆ ಗರಿ, ನಾಟಿ ಔಷಧಿಗೆ ಗಂಡು ಶಂಕು ಕೊಯ್ದೂ ಕೊಯ್ದೂ ಈಗ ಅದು ಅಳಿವಿನಂಚಿನ ಗಿಡಗಳ ಪಟ್ಟಿ ಸೇರಿದೆ.

ಇನ್ನು ಈ ಅಭಯಾರಣ್ಯ ಯಾವುದಕ್ಕಾಗಿ ಇದೆಯೋ ಆ ತೋಳಕ್ಕೆ ಬೇಕಾದದ್ದು ದಟ್ಟ ಕಾಡಲ್ಲ. ಅದು ಬಯಲಲ್ಲಿ ಓಡಿ ಬೇಟೆಯಾಡುವ ಪ್ರಾಣಿ. ಪೊದೆ, ಬಂಡೆಯ ಸಂದಿನಲ್ಲಿ ಮರಿ ಹಾಕುತ್ತದೆ. ನೆಲಕ್ಕೆ ಬಿಸಿಲು ಬಿದ್ದರೆ ಹುಲ್ಲು, ಹುಲ್ಲಿದ್ದರೆ ಮೊಲ. ಬೋಳು ಜಾಗವೆಂದು ಗುಂಡಿ ತೋಡಿ ನೀಲಗಿರಿಯನ್ನೋ ಅಕೇಶಿಯವನ್ನೋ ನೆಟ್ಟರೆ ಹಸಿರು ಹೆಚ್ಚೀತು, ತೋಳದ ಮನೆ ಹೋದೀತು. ಕಲ್ಲುಬೆಟ್ಟದ ಕುರುಚಲನ್ನೇ ನಂಬಿದ, ದಕ್ಷಿಣ ಭಾರತ ಬಿಟ್ಟರೆ ಇನ್ನೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರಕ್ಕೂ ಅದೇ ಗತಿ.

ಹೋಗುವುದಾದರೆ ಮಳೆಗಾಲ ಮುಗಿಯುತ್ತಿದ್ದಂತೆ, ಬೆಳಗಿನ ಜಾವ ಹೋಗಿ. ತೋಳ ಕಾಣದಿದ್ದರೂ ಬಂಡೆಗಳ ಮೇಲೆ ಪಿಕಳಾರದ ಕೂಗು ಕೇಳೀತು. ಹಿಂದಿರುಗುವಾಗ ತೊಣ್ಣೂರು ಕೆರೆಯ ಏರಿ ಹತ್ತಿ. ಎರಡು ಬಂಡೆಗುಡ್ಡಗಳ ನಡುವೆ ಏರಿ ಕಟ್ಟಿ, ಬೆಟ್ಟದ ಹಳ್ಳಗಳನ್ನು ತಡೆದು ಮಾಡಿದ ಕೆರೆ ಅದು. ರಾಮಾನುಜರು ಅದನ್ನು ತಿರುಮಲಸಾಗರ ಎಂದು ಕರೆದರಂತೆ. 1746ರಲ್ಲಿ ನಿಜಾಮನ ಮಗ ನಾಸಿರ್ ಜಂಗ್ ತಿಳಿನೀರು ಕಂಡು ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂದನಂತೆ. ಸುತ್ತಿನ ಇಳಿಜಾರಿನ ಮಣ್ಣನ್ನು ಕುರುಚಲ ಬೇರು ಹಿಡಿದುಕೊಂಡಷ್ಟು ದಿನ ಕೆರೆಗೆ ಇಳಿಯುವ ಹೂಳು ಕಡಿಮೆ.